ಟೇಕಲ್ ಬೆಟ್ಟದ ಭರಣಿ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಸೌಟು ತೂಗುಹಾಕುವ ಮೊಳೆಗಳ ಸಾಲಿನ ಕೊನೆಗೆ, ಒಂದು ಹಸಿರು ಪ್ಲಾಸ್ಟಿಕ್ ಕಪ್ಪೆ ನೇತಾಡುತ್ತಿದೆ. ಬೀಗದ ಕೈ ಗೊಂಚಲಿಗೆ ಹಾಕುತ್ತಾರಲ್ಲ, ಅಂಥದ್ದು. ಬಾಯಿ ಅಗಲಿಸಿಕೊಂಡು ನಗುತ್ತಿರುತ್ತದೆ. ಮನೆಗೆ ಬಂದವರು ಮಕ್ಕಳದ್ದೇನೋ ಅಂದುಕೊಳ್ಳುತ್ತಾರೆ. ಒಮ್ಮೆ ಕೆಲಸದವಳು ಜಿಡ್ಡು ಹಿಡಿದಿದೆ ಎಂದು ಅದನ್ನು ಎಸೆಯಲು ಹೋದಾಗ ನಾನು ಹಾರಿಬಿದ್ದ ರೀತಿಗೆ ಪಾಪ ಅವಳು ಬೆಚ್ಚಿಬಿದ್ದಳು. ನನ್ನ ಗಂಡ ಮಾತ್ರ ಆ ಗೋಡೆಯ ಕಡೆ ನೋಡುವುದಿಲ್ಲ. ಅವರು ನೋಡಲಿ ಎಂದೇ ನಾನು ಅದನ್ನು ಅಲ್ಲಿ ಹಾಕಿರುವುದು.

ನನ್ನ ಗಂಡ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಸಂಗತಿ ಕೇಳಿದವರೆಲ್ಲ ಕೊನೆಗೆ ನನಗೆ ಹೇಳುವುದು ಅದನ್ನೇ. ‘ಪಾಪ, ನಿನ್ನ ಖುಷಿಗೆ ಅಂತ ತಾನೇ ಮಾಡಿದ್ದು.’ ಹೌದು, ನನ್ನ ಖುಷಿಗೆ ಅಂತಲೇ ಮಾಡಿದ್ದು. ಕೆಟ್ಟವರಾಗಿದ್ದರೆ ಒಂದು ದೊಡ್ಡ ಜಗಳ ತೆಗೆದು ಮುಗಿಸಬಹುದಿತ್ತು. ಒಳ್ಳೆಯವರ ಜೊತೆ ಆ ಅನುಕೂಲವೂ ಇಲ್ಲ.

ನಾವು ಮೂಲತಃ ಮುಳಬಾಗಿಲಿನವರು. ಅಜ್ಜನ ಕಾಲದವರೆಗೆ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದ ಮನೆ. ಅಪ್ಪ ಓದಿ ಮೇಷ್ಟರಾದರು, ಟೇಕಲ್ಲಿನ ಶಾಲೆಗೆ ಬಂದರು, ಅಲ್ಲೇ ನಿಂತರು. ನಾನು, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ, ಇಬ್ಬರೂ ಬೆಳೆದದ್ದು ಅಲ್ಲಿ. ಹಿತ್ತಲ ಬಾಗಿಲು ತೆಗೆದರೆ ಬೆಟ್ಟ. ರೈಲು ಬಂದಾಗ ಬಂಡೆಗಳ ನಡುವೆ ಅದರ ಕೂಗು ಸುತ್ತು ಹೊಡೆದು ಇನ್ನೊಂದು ಸಲ ಕೇಳಿಸುತ್ತಿತ್ತು.

ಅಮ್ಮನಿಗೆ ಓದುವ ಹುಚ್ಚು. ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಮೈದಾ ಅಂಟು ಹಾಕಿ, ಹಳೆಯ ಕ್ಯಾಲೆಂಡರಿನ ರಟ್ಟು ಹೊದಿಸಿ ಪುಸ್ತಕ ಮಾಡಿಡುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಅವನ್ನು ಎರವಲು ಒಯ್ಯುತ್ತಿದ್ದರು, ಒಗ್ಗರಣೆಯ ಕಲೆ ಮಾಡಿ ವಾಪಸು ಕೊಡುತ್ತಿದ್ದರು. ಆ ಪುಸ್ತಕಗಳಲ್ಲಿ ಒಂದು, ನಮ್ಮ ಅಜ್ಜಿಯ ಕಾಲದಿಂದ ಹೆಸರಾದ ಹಳೆಯ ಕಾದಂಬರಿ. ಪತ್ರಿಕೆಯವರು ಅದನ್ನು ಮತ್ತೆ ಕಂತುಗಳಲ್ಲಿ ಹಾಕಿದ್ದರು. ಹೆಸರು ಹೇಳುವುದಿಲ್ಲ. ಅದರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕಥೆ ಇಷ್ಟೇ. ಇಬ್ಬರು ಅಕ್ಕತಂಗಿಯರು. ಅಕ್ಕನನ್ನು ಕೋಟೆಯ ಮನೆಗೆ ಕೊಡುತ್ತಾರೆ. ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವ ಜಾತಿಯವಳಲ್ಲ ಅವಳು. ಮದುವೆಯ ಹಿಂದಿನ ದಿನ ಇಬ್ಬರೂ ಊರಾಚೆಯ ಬಂಡೆಯ ಪೊಟರೆಯಲ್ಲಿ ಒಂದು ಭರಣಿ ಬಚ್ಚಿಟ್ಟು ಒಪ್ಪಂದ ಮಾಡಿಕೊಳ್ಳುತ್ತಾರೆ. ಹೂವಿಟ್ಟರೆ ಚೆನ್ನಾಗಿದ್ದೇನೆ ಎಂದು. ಅರಿಶಿನದ ಕೊಂಬಿಟ್ಟರೆ ಬಸಿರಾಗಿದ್ದೇನೆ ಎಂದು. ಕಾಲುಂಗುರವಿಟ್ಟರೆ, ಇನ್ನು ಆಗುವುದಿಲ್ಲ, ಏನೂ ಕೇಳದೆ ಬಂದು ಕರೆದುಕೊಂಡು ಹೋಗು ಎಂದು. ತಂಗಿ ನೋಡಿದ ಗುರುತಿಗೆ ಅಲ್ಲೊಂದು ಅಡಿಕೆ ಇಡಬೇಕು. ಕೊನೆಯ ಕಂತಿಗೆ ಮುಂಚೆ ಕಾಲುಂಗುರ ಬರುತ್ತದೆ, ತಂಗಿ ಗಾಡಿ ಕಟ್ಟಿಸಿಕೊಂಡು ಕೋಟೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿ ಬಂದಾಗಲೆಲ್ಲ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ನಾವೂ ಒಂದು ಭರಣಿ ಇಟ್ಟೆವು. ಅಜ್ಜಿಯ ಹಿತ್ತಾಳೆಯ ಕುಂಕುಮದ ಭರಣಿ, ಮುಚ್ಚಳ ಸ್ವಲ್ಪ ಸೊಟ್ಟಗಿದ್ದದ್ದು. ಬೆಟ್ಟದ ಕೆಳಗಿನ ಗುಡಿಯ ಹಿಂದೆ, ಒಂದರ ಮೇಲೊಂದು ಒರಗಿದ ಎರಡು ಬಂಡೆಗಳ ನಡುವೆ ಮೊಳಕೈವರೆಗೆ ಕೈ ಹೋಗುವಷ್ಟು ಸಂದು. ಆಗ ಅದು ಆಟ. ಪರೀಕ್ಷೆ ಚೆನ್ನಾಗಿ ಬರೆದರೆ ಹೂವು, ಅಮ್ಮನ ಕೈಲಿ ಒದೆ ತಿಂದರೆ ಬೇವಿನ ಕಡ್ಡಿ. ಬೇವಿನ ಕಡ್ಡಿ ಕಾದಂಬರಿಯಲ್ಲಿ ಇರಲಿಲ್ಲ, ಅದು ನನ್ನ ಸೇರ್ಪಡೆ.

ತೊಂಬತ್ತರ ದಶಕದ ನಡುವಿನಲ್ಲಿ ಅಕ್ಕನನ್ನು ಶ್ರೀನಿವಾಸಪುರಕ್ಕೆ ಕೊಟ್ಟರು. ಮಾವಿನ ಮಂಡಿಗಳಿಗೆ ಲೆಕ್ಕ ಬರೆಯುವ ಮನೆತನ, ಸ್ವಂತ ತೋಪೂ ಇತ್ತು. ಮನೆಯೊಳಗೆ ಕನ್ನಡಕ್ಕಿಂತ ತೆಲುಗು ಜಾಸ್ತಿ. ಭಾವ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮದುವೆಯಾಗಿ ಕೆಲವು ವರ್ಷ ಕಳೆದು, ಮಕ್ಕಳಾಗುವುದಿಲ್ಲ ಎಂದು ಖಚಿತವಾದ ಮೇಲೆ, ಅಕ್ಕನ ಜೊತೆ ಮಾತು ನಿಲ್ಲಿಸಿದರು. ಜಗಳವಿಲ್ಲ, ಏನಿಲ್ಲ. ಊಟಕ್ಕೆ ಕೂತು ತಾಯಿಗೆ ಹೇಳುತ್ತಿದ್ದರು: “ಅನ್ನಂ ಪೆಟ್ಟಮನಮ್ಮಾ.” ಬಡಿಸಲು ಹೇಳಮ್ಮ ಎಂದು. ಅಕ್ಕ ಪಾತ್ರೆ ಹಿಡಿದು ಅವರ ಎದುರಿಗೇ ನಿಂತಿರುತ್ತಿದ್ದಳು. ನಾನೇ ಕಣ್ಣಾರೆ ನೋಡಿದ್ದೇನೆ. ಹೊಡೆದಿದ್ದರೆ ಕನಿಷ್ಠ ಒಂದು ಬಾಸುಂಡೆ ತೋರಿಸಬಹುದಿತ್ತು ಎಂದು ಆವತ್ತು ನನಗೆ ಅನ್ನಿಸಿತ್ತು. ಅಮ್ಮನಿಗೆ ಹೇಳಿದರೆ, “ಹೊಡೆಯಲ್ಲ, ಕುಡಿಯಲ್ಲ, ಇನ್ನೇನು ಬೇಕಂತೆ? ಗಂಡಸರು ಕೆಲವರು ಹಂಗೇ,” ಎಂದಳು. ಕಾದಂಬರಿಗೆ ಅತ್ತವಳೂ ಇವಳೇ.

ಅಕ್ಕನ ಮನೆಯಲ್ಲಿ ಫೋನು ನಡುಮನೆಯಲ್ಲಿತ್ತು, ಪಕ್ಕದಲ್ಲೇ ಅವಳ ಅತ್ತೆಯ ಮಂಚ. ತವರಿಗೆ ಬಂದರೂ ಅತ್ತೆ ಜೊತೆಗೇ ಬರುತ್ತಿದ್ದರು. ಗೌರಿ ಹಬ್ಬಕ್ಕೆ, ದೀಪಾವಳಿಗೆ ಅಕ್ಕ ಬರುತ್ತಿದ್ದಳು. ದಸರೆಗೆ, ಸಂಕ್ರಾಂತಿಗೆ ನಾನು. ಆ ಹೊತ್ತಿಗೆ ನನಗೂ ಮದುವೆಯಾಗಿ ಮಾಲೂರಿಗೆ ಬಂದಿದ್ದೆ. ಇಬ್ಬರೂ ಒಟ್ಟಿಗೆ ತವರಿನಲ್ಲಿರುವುದು ಅಪರೂಪ, ಇದ್ದರೂ ಅತ್ತೆಯ ಕಿವಿ ನಮ್ಮ ನಡುವೆ. ಹೀಗಾಗಿ ಮಕ್ಕಳಾಟದ ಭರಣಿ ನಿಜದ ಕೆಲಸಕ್ಕೆ ಬಂತು. ಗುಡಿಗೆ ದೀಪ ಹಚ್ಚಿ ಬರುತ್ತೇನೆಂದು ಹೊರಟರೆ ಅತ್ತೆ ಮಂಡಿನೋವಿನಿಂದ ಹಿಂದೆ ಬರುವಂತಿರಲಿಲ್ಲ. ಅಕ್ಕ ಪ್ರತಿ ಸಲ ಕನಕಾಂಬರ ಇಟ್ಟು ಹೋಗುತ್ತಿದ್ದಳು. ಒಣಗಿ ಚಕ್ಕೆಯಾಗಿರುತ್ತಿದ್ದ ಆ ಹೂವನ್ನು ತೆಗೆದು ನಾನು ಅಡಿಕೆ ಇಡುತ್ತಿದ್ದೆ. ಅರಿಶಿನದ ಕೊಂಬು ಯಾವತ್ತೂ ಬರಲಿಲ್ಲ. ಹೂವು ಸುಳ್ಳು ಹೇಳುತ್ತಿದೆ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಆದರೂ ಕಾಲುಂಗುರ ಇಡುವ ದಿನ ಬಂದರೆ ಇಡುತ್ತಾಳೆ, ನಾನು ಹೋಗಿ ಕರೆತರುತ್ತೇನೆ ಎಂಬ ಧೈರ್ಯ ಇಬ್ಬರಿಗೂ ಇತ್ತು. ಮಾಲೂರಿನ ಮನೆಯಲ್ಲಿ ಅವಳಿಗೆಂದು ಒಂದು ಕೋಣೆಯನ್ನು ಮನಸ್ಸಿನಲ್ಲೇ ನಾನು ಖಾಲಿ ಮಾಡಿಟ್ಟಿದ್ದೆ.

ಈ ಬಂಡೆಯ ಸಂಗತಿಯನ್ನು ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೆ ಹೇಳಿದ್ದೆ. ಗಂಡನಿಗೆ ಹೇಳದೆ ಬೀದಿಯವರಿಗೆ ಹೇಳುತ್ತಾರೆಯೆ? ಚಿಕ್ಕವರಿದ್ದಾಗ ಹೀಗೆ ಆಡುತ್ತಿದ್ದೆವು ಎಂದು ಕಾದಂಬರಿಯ ಕಥೆ ಸಮೇತ ಹೇಳಿದೆ. ಈಗಲೂ ಇಡುತ್ತೇವೆ ಎಂಬುದನ್ನು ಹೇಳಲಿಲ್ಲ. ಅದು ಅಕ್ಕನ ಮಾನದ ಮಾತು, ನನ್ನದಲ್ಲ.

ಅವರದು ರಸ್ತೆ ಸರ್ವೇ ಕೆಲಸ. ಹೆದ್ದಾರಿ ಅಗಲ ಮಾಡುತ್ತಾರೆಂದು ಕೋಲಾರ, ಮುಳಬಾಗಿಲು ಕಡೆಯೆಲ್ಲ ಓಡಾಡುತ್ತಿದ್ದ ಕಾಲ. ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿರಬೇಕು. ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಯಂತ್ರ ಕೊಟ್ಟಿದ್ದರು. ಮೊದಮೊದಲು ಮನೆಯ ಬಾಗಿಲು, ತುಳಸಿಕಟ್ಟೆ, ಹಾಲಿನ ಡೈರಿ ಎಲ್ಲದರ ಅಕ್ಷಾಂಶ ರೇಖಾಂಶ ಹೇಳುತ್ತಾ ತಿರುಗುತ್ತಿದ್ದರು. “ರೀ, ಉಪ್ಪಿನ ಡಬ್ಬ ಎಲ್ಲಿದೆ ಅಂತ ಹೇಳುತ್ತಾ ಅದು?” ಎಂದು ನಾನು ರೇಗಿಸುತ್ತಿದ್ದೆ. ಆ ಕೆಲಸದವರ ನಡುವೆಯೇ ಯಾರೋ ಅವರಿಗೆ ಜಿಯೋಕ್ಯಾಶ್ ಎಂಬ ಆಟದ ಗೀಳು ಹತ್ತಿಸಿದರು. ಎಲ್ಲೋ ಒಂದು ಡಬ್ಬಿ ಬಚ್ಚಿಡುವುದು, ಅದರ ನೆಲೆಯನ್ನು ಇಂಟರ್‌ನೆಟ್ಟಿನಲ್ಲಿ ಹಾಕುವುದು, ಗುರುತು ಪರಿಚಯವಿಲ್ಲದವರು ಯಂತ್ರ ಹಿಡಿದು ಹುಡುಕಿಕೊಂಡು ಬರುವುದು. ಡಬ್ಬಿಯೊಳಗಿನ ಒಂದು ವಸ್ತು ತೆಗೆದುಕೊಂಡರೆ ತಮ್ಮದೊಂದು ಇಟ್ಟು ಹೋಗಬೇಕು. ಇದೇ ಆಟದ ನಿಯಮ. ದೊಡ್ಡವರು ಆಡುತ್ತಾರೆ, ಬಿಡುವಿದ್ದವರು.

ಆ ವರ್ಷ ಗೌರಿ ಹಬ್ಬದ ಹೊತ್ತಿಗೆ ನನ್ನ ಮಗಳಿಗೆ ಎರಡು ತುಂಬಿತ್ತು. ದಸರೆಗೆ ತವರಿಗೆ ಹೊರಡಬೇಕು ಅನ್ನುವಾಗ ಮಗುವಿಗೆ ಅಮ್ಮ ಎದ್ದಿತು. ಮೈತುಂಬ ಗುಳ್ಳೆ. ಬೇವಿನ ಸೊಪ್ಪು ಬಾಗಿಲಿಗೆ ಕಟ್ಟಿ ಮನೆಯಲ್ಲೇ ಉಳಿದೆ. ಅಮ್ಮ ಎದ್ದ ಮನೆಯಿಂದ ಯಾರೂ ಇನ್ನೊಂದು ಮನೆಗೆ ಹೋಗಬಾರದು. ಸಂಕ್ರಾಂತಿಗೆ ಹೋಗಿ ಬಂಡೆಯ ಸಂದಿಗೆ ಕೈ ಹಾಕಿ ಭರಣಿ ತೆಗೆದರೆ ಖಾಲಿ. ಹೂವಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ. ದೀಪಾವಳಿಗೆ ಅಕ್ಕ ಬಂದಿದ್ದಳಲ್ಲ, ಗುಡಿಗೂ ಹೋಗಿದ್ದಳಂತೆ, ಹೂವು ಇಡಲು ಏನಾಗಿತ್ತು ಎಂದು ಬೇಸರವಾಯಿತು. ಅಡಿಕೆ ಇಟ್ಟು ಬಂದೆ.

ಆಮೇಲೆ ಅಕ್ಕ ಬದಲಾದಳು. ಫೋನು ಮಾಡಿದರೆ, “ಚೆನ್ನಾಗಿದೀವಿ. ಇಡ್ಲಾ?” ಅಷ್ಟೇ. ಗೌರಿ ಹಬ್ಬಕ್ಕೂ ಬರುವುದನ್ನು ಬಿಟ್ಟಳು, ಬಾಗಿನ ಕಳಿಸಿದರೆ ಸಾಕು ಎಂದು ಅಮ್ಮನಿಗೆ ಹೇಳಿಸಿದಳು. ಕೋಲಾರದಲ್ಲಿ ಚಿಕ್ಕಪ್ಪನ ಮನೆಯ ಗೃಹಪ್ರವೇಶದಲ್ಲಿ ಸಿಕ್ಕಾಗ ನನ್ನ ಮಗಳು ದೊಡ್ಡಮ್ಮ ಎಂದು ಓಡಿಹೋಗಿ ಕಾಲು ತಬ್ಬಿದಳು. ಅಕ್ಕ ಮಗುವಿನ ತಲೆ ಸವರಿದಳು, ನನ್ನ ಕಡೆ ತಿರುಗಲಿಲ್ಲ. ನಾನೇ ಹೋಗಿ, “ಯಾಕಕ್ಕ ಹಿಂಗಿದೀಯಾ?” ಎಂದೆ. “ಹೆಂಗಿದೀನಿ?” ಎಂದು ಕೇಳಿ ಪಂಕ್ತಿಗೆ ಉಪ್ಪು ಬಡಿಸಲು ಹೋದಳು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ನನಗೆ ಮಗುವಾಗಿದೆ, ಅವಳಿಗಿಲ್ಲ, ಅದಕ್ಕೆ ಹೊಟ್ಟೆಕಿಚ್ಚು ಎಂದು ಯಾರೋ ನೆಂಟರು ಪಿಸುಗುಟ್ಟಿದರು. ನಾನು ಬೇಡವೆನ್ನುತ್ತಲೇ ನಂಬಿದೆ. ಎರಡು ವರ್ಷ ಹೀಗೇ ಕಳೆಯಿತು.

ಮನೆಗೆ ಕಂಪ್ಯೂಟರ್ ಬಂದ ವರ್ಷ ನನ್ನ ಹುಟ್ಟುಹಬ್ಬದ ಸಂಜೆ ನನ್ನ ಗಂಡ ಕೈ ಹಿಡಿದು ಅದರ ಮುಂದೆ ಕೂರಿಸಿದರು. “ಕಣ್ಣು ಮುಚ್ಕೋ. ಹೂಂ, ಈಗ ನೋಡು.” ಪರದೆಯ ಮೇಲೆ ಟೇಕಲ್ ಬೆಟ್ಟದ ಫೋಟೊ. ಗುಡಿಯ ಹಿಂದಿನ ನಮ್ಮ ಬಂಡೆಗಳು. ಮೇಲೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರ: ಅಕ್ಕತಂಗಿಯರ ಕಲ್ಲು, ಕನ್ನಡದ ಒಂದು ಮಹಾನ್ ಕಾದಂಬರಿಯಿಂದ ಪ್ರೇರಿತವಾದ ಜಿಯೋಕ್ಯಾಶ್. ಕೆಳಗೆ ಕಥೆಯ ಸಾರಾಂಶ. ಭರಣಿಯನ್ನು ತಾನು ಕದಲಿಸಿಯೇ ಇಲ್ಲ, ಹಾಗೇ ಇದ್ದರೇ ಚೆಂದ, ಬಂದವರು ಹೆಸರು ಬರೆಯುವ ಚೀಟಿಯನ್ನು ಮಾತ್ರ ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ಹಾಕಿ ಸಂದಿನ ಒಳಗೆ ತಳ್ಳಿದ್ದೇನೆ ಎಂದರು. ಒಂದಷ್ಟು ಜನ ನೋಡಿ ಹೋಗಲಿ, ಆಮೇಲೆ ಹೇಳೋಣ ಎಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲವಂತೆ. “ಎಲ್ಲಾ ನಿನಗೋಸ್ಕರ ಕಣೇ. ನಿಮ್ಮ ಆಟ ಈಗ ಪ್ರಪಂಚಕ್ಕೇ ಗೊತ್ತಾಯ್ತು.”

ಬಂದುಹೋದವರು ಬರೆದದ್ದು ಕೆಳಗೆ ಸಾಲಾಗಿತ್ತು. ಬಹಳ ಮಂದಿಯೇನಲ್ಲ. ಯಾರೋ ದಾರಿ ತಪ್ಪಿದ್ದರು, ಯಾರಿಗೋ ಗುಡಿಯ ಪೂಜಾರಿ ನಿಧಿಗಳ್ಳರೆಂದು ಗದರಿದ್ದರು. ಎಲ್ಲಕ್ಕಿಂತ ಹಳೆಯದು ಬೆಂಗಳೂರಿನ ಒಂದು ಜೋಡಿಯದು. ಮಗಳಿಗೆ ಅಮ್ಮ ಎದ್ದ ವರ್ಷ, ಗಣೇಶನ ಹಬ್ಬ ಕಳೆದ ಮೊದಲ ಭಾನುವಾರ ಬಂದಿದ್ದರು. ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದರು: ಬಹಳ ಸುಂದರ ಜಾಗ, ಮುದ್ದಾದ ಕಲ್ಪನೆ. ಒಳಗಿದ್ದ ಬೆಳ್ಳಿಯ ಉಂಗುರ ತೆಗೆದುಕೊಂಡೆವು, ಎಲ್ಲ ಕಡೆ ಬಿಡುವ ಹಾಗೆ ನಮ್ಮ ಕಪ್ಪೆಯನ್ನು ಬಿಟ್ಟೆವು. ಧನ್ಯವಾದ. ಅದರ ಮುಂದೊಂದು ನಗುವ ಮುಖ.

ಬೆಳ್ಳಿಯ ಉಂಗುರ.

“ಇವರು ಬರೋ ಮುಂಚೆ ಭರಣೀಲಿ ನೀವೇನಾದ್ರೂ ಇಟ್ಟಿದ್ರಾ?” ಎಂದೆ. ಇಲ್ಲವಲ್ಲ, ನಾನು ಮುಚ್ಚಳ ತೆಗೆದು ನೋಡಿದಾಗ ಒಂದು ಹಳೇ ಅಡಿಕೆ ಬಿಟ್ಟರೆ ಏನೂ ಇರಲಿಲ್ಲ, ಉಂಗುರ ನೀನೇ ಯಾವಾಗಲೋ ಇಟ್ಟದ್ದೇನೋ ಅಂದುಕೊಂಡೆ ಎಂದರು. ನಾನು ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ, ಮಗಳು ಹೆದರಿ ಅತ್ತದ್ದು ನೆನಪಿದೆ. ಅವರು ಕುರ್ಚಿಯಿಂದ ಎದ್ದು ಕೇಕಿನ ಪಕ್ಕ ನಿಂತು, “ಏನಾಯ್ತೇ? ಏನಾಯ್ತು ಹೇಳು,” ಎನ್ನುತ್ತಿದ್ದರು. ಹೇಳಿದೆ. ಕೇಳಿ ಬೆಳ್ಳಗಾದರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: “ನಿಯಮದ ಪ್ರಕಾರ ಅವರದೇನೂ ತಪ್ಪಿಲ್ಲ.”

ಮಾರನೆಯ ದಿನ ಬಸ್ಸು ಹತ್ತಿದೆ. ವಕ್ಕಲೇರಿಯಲ್ಲಿ ಹಾಲಿನ ಕ್ಯಾನು ಹಾಕಿಕೊಳ್ಳಲು ನಿಂತ ಬಸ್ಸು ಹೊರಡುವುದೇ ಇಲ್ಲವೇನೋ ಅನ್ನಿಸಿತು. ಕೋಲಾರದಲ್ಲಿ ಇಳಿದು ಶ್ರೀನಿವಾಸಪುರದ ಬಸ್ಸು. ಸುಗಟೂರಿನ ಹತ್ತಿರ ಹತ್ತಿದ ಹೆಂಗಸೊಬ್ಬಳು ಟೊಮೆಟೊ ಬುಟ್ಟಿಯನ್ನು ನನ್ನ ಕಾಲ ಮೇಲೇ ಇಟ್ಟಳು, ಜಗಳವಾಡಲೂ ನನಗೆ ಮನಸ್ಸಾಗಲಿಲ್ಲ. ದಾರಿಯುದ್ದಕ್ಕೂ ಒಂದೇ ಲೆಕ್ಕ. ಗೌರಿ ಹಬ್ಬಕ್ಕೆ ಇಟ್ಟಿದ್ದಾಳೆ. ದೀಪಾವಳಿಗೆ ಬಂದು ನೋಡಿದ್ದಾಳೆ. ಕಾಲುಂಗುರ ಇರಲಿಲ್ಲ. ಹೇಳದೆ ಕೇಳದೆ ಕರೆದುಕೊಂಡು ಬಂದುಬಿಡುತ್ತೇನೆ, ಯಾರು ತಡೆಯುತ್ತಾರೋ ನೋಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಅತ್ತೆ ನಡುಮನೆಯ ಮಂಚದ ಮೇಲಿದ್ದರು. “ರಾಮ್ಮಾ, ಬಾ. ಏನು ಹೇಳದೆ ಬಂದ್ಬಿಟ್ಟೆ?” ಎಂದು ತೆಲುಗು ಬೆರೆಸಿ ಕರೆದರು. ದಾರಿಯಲ್ಲಿ ಕೆಲಸವಿತ್ತು ಎಂದು ಸುಳ್ಳು ಹೇಳಿ ಒಳಗೆ ಹೋದೆ. ಅಕ್ಕ ಹಿತ್ತಲಲ್ಲಿ ಒಗೆಯುವ ಕಲ್ಲಿನ ಹತ್ತಿರ ಮಾವಿನಕಾಯಿ ಒರೆಸುತ್ತಿದ್ದಳು, ಉಪ್ಪಿನಕಾಯಿಗೆ. ನಾನು ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ. ಯಂತ್ರ, ಆಟ, ಬೆಂಗಳೂರಿನವರು, ಉಂಗುರ, ಕಪ್ಪೆ. ಇಂಟರ್‌ನೆಟ್ ಎಂದರೇನೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಪ್ಪೆ ಎಂದಾಗ ಮಾತ್ರ ಕೈ ನಿಂತಿತು. ಎದ್ದು ಒಳಗೆ ಹೋಗಿ ಬೇಳೆ ಡಬ್ಬದೊಳಗೆ ಕೈ ಹಾಕಿ ಹಸಿರು ಕಪ್ಪೆ ತಂದು ಕಲ್ಲಿನ ಮೇಲಿಟ್ಟಳು.

“ಇದು ನಿಂದಲ್ವಾ?”

“ನಂದಲ್ಲಕ್ಕ. ಅಮ್ಮನಾಣೆ ನಂದಲ್ಲ.”

“ನಿನ್ನ ಮಗಳ ಆಟದ ಸಾಮಾನು ಅಂದ್ಕೊಂಡೆ ಕಣೇ. ನನಗೂ ಮಗು ಇದೆ, ಮನೆ ಇದೆ, ನಿನ್ನ ಎಲ್ಲಿಟ್ಕೊಳ್ಳಲಿ ಅಂತ ಹೇಳಿದೀಯ ಅಂದ್ಕೊಂಡೆ.” ಕಪ್ಪೆಯ ಮೂತಿಯನ್ನು ನನ್ನ ಕಡೆ ತಿರುಗಿಸಿದಳು. “ಅದೂ ನಗ್ತಾ ಇರೋದನ್ನ ಇಟ್ಟಿದೀಯಲ್ಲ ಅಂತ.”

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಆ ಗೌರಿ ಹಬ್ಬದಿಂದ ದೀಪಾವಳಿವರೆಗೆ ಟ್ರಂಕಿನಲ್ಲಿ ಸೀರೆಗಳನ್ನು ಮಡಿಸಿಟ್ಟುಕೊಂಡು ಕಾದಳಂತೆ. ಬೀದಿಯಲ್ಲಿ ಆಟೋ ನಿಂತರೆ ಕಿವಿ ನಿಮಿರುತ್ತಿತ್ತಂತೆ. ಒಂದು ಕಾಲುಂಗುರ ಬೆಟ್ಟದಲ್ಲಿ ಬಿದ್ದುಹೋಯಿತು ಎಂದು ಮನೆಯಲ್ಲಿ ಹೇಳಿದ್ದಳು. ಗಂಡನ ಆಯಸ್ಸಿಗೆ ಕುತ್ತು ಎಂದು ಅತ್ತೆ ಎದೆ ಬಡಿದುಕೊಂಡು, ಆವತ್ತೇ ಹೊಸ ಜೊತೆ ತರಲು ಮಗನನ್ನು ಅಟ್ಟಿದ್ದರು.

“ಈಗ ಬಾ,” ಎಂದೆ. “ಈಗಲೇ ಹೋಗೋಣ. ಟ್ರಂಕೂ ಬೇಡ, ಉಟ್ಟ ಸೀರೇಲಿ ಬಾ. ಯಾರೇನಂತಾರೋ ನಾನು ನೋಡ್ಕೋತೀನಿ.”

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ತನ್ನ ಕಾಲು ಮುಂದೆ ಚಾಚಿದಳು. ಹೊಸ ಕಾಲುಂಗುರ, ಈಗ ಸ್ವಲ್ಪ ಕಪ್ಪಾಗಿತ್ತು. “ಇದನ್ನ ನಿಮ್ಮ ಭಾವ ತಂದು ನನ್ನ ಕೈಗೇ ಕೊಟ್ರು. ಅತ್ತೆ ಕೈಗಲ್ಲ. ‘ಸರಿಪೋತುಂದಾ ಚೂಡು’ ಅಂದ್ರು.” ಅಳತೆ ಸರಿಯಾ ನೋಡು ಎಂದು. ಅದೆಷ್ಟೋ ಕಾಲದ ಮೇಲೆ ಅವರು ಅವಳ ಜೊತೆ ಆಡಿದ ಮೊದಲ ಮಾತು ಅದು.

“ಆಮೇಲೆ?”

“ಆಮೇಲೇನು? ಮತ್ತೆ ಹಂಗೇ.”

“ಮತ್ಯಾಕೆ ಇಲ್ಲಿರ್ತೀಯಾ ಅಕ್ಕ?”

“ಅದನ್ನ ಬಿಚ್ಚಿ ಇಟ್ಟು ಬರೋ ಧೈರ್ಯ ಎಲ್ಲಿಂದ ತಂದಿದ್ನೋ ನನಗೇ ಗೊತ್ತಿಲ್ಲ ಕಣೇ. ಅದೊಂದೇ ಸಲ ಬಂದಿದ್ದು. ಕಾದೆ. ನೀನು ಬರಲ್ಲ ಅಂತ ಗೊತ್ತಾದ್ಮೇಲೆ ಇಲ್ಲೇ ಇರೋಕೆ ಕಲಿತ್ಕೊಂಡೆ. ಈಗ ಅದನ್ನ ಹೆಂಗೆ ಮರೀಲಿ?” ಮಾವಿನಕಾಯಿ ಮತ್ತೆ ಕೈಗೆ ತೆಗೆದುಕೊಂಡಳು. “ಕಪ್ಪೆ ತಗೊಂಡೋಗು. ನಿಂದು ಅಂತ ಇಟ್ಕೊಂಡಿದ್ದೆ. ನಿಂದಲ್ಲ ಅಂದ್ಮೇಲೆ ನನಗ್ಯಾಕೆ.”

ಕೋಪಕ್ಕಾದರೂ ಇಟ್ಟುಕೊಂಡಿದ್ದಳಲ್ಲ, ನನ್ನದೆಂದು. ಎರಡು ವರ್ಷ ಬೇಳೆ ತೆಗೆಯುವಾಗಲೆಲ್ಲ ಆ ನಗುವ ಮೂತಿಯನ್ನು ನೋಡಿದ್ದಾಳೆ. ನಾನು ಗೋಗರೆದೆ, ಬೈದೆ, ನಿನ್ನ ಈ ಬಾಯಿಮುಚ್ಚಿಕೊಂಡಿರುವ ಗುಣವೇ ನಿನ್ನನ್ನು ತಿಂದಿತು ಎಂದೂ ಅಂದೆ. ಅವಳು ಕಾಯಿ ಒರೆಸುತ್ತಲೇ ಇದ್ದಳು.

ನನ್ನ ಗಂಡ ಅಂದೇ ಆ ಜೋಡಿಗೆ ಬರೆದಿದ್ದರು. ಉತ್ತರ ಬಂದದ್ದು ಕೆಲವು ವಾರದ ಮೇಲೆ. ಬಹಳ ವಿನಯದ ಉತ್ತರ. ಕ್ಷಮಿಸಿ, ಆ ಉಂಗುರವನ್ನು ನಾವು ಆಗಲೇ ಬೇರೆ ಬೆಟ್ಟದ ಬೇರೆ ಡಬ್ಬಿಯಲ್ಲಿ ಬಿಟ್ಟೆವು, ಅಲ್ಲಿಂದ ಯಾರು ತೆಗೆದುಕೊಂಡರೋ ತಿಳಿಯದು, ಆಟದ ಸೊಗಸೇ ಅದಲ್ಲವೇ ಎಂದು. ನನ್ನ ಗಂಡ ಆ ಪುಟವನ್ನು ಅಳಿಸಿಹಾಕಿದರು, ಯಂತ್ರವನ್ನು ಕಚೇರಿಯಲ್ಲೇ ಬಿಟ್ಟು ಬರತೊಡಗಿದರು. ಅಕ್ಕನ ಕಾಲುಂಗುರ ಎಲ್ಲೋ ಒಂದು ಬಂಡೆಯ ಸಂದಿನಿಂದ ಇನ್ನೊಂದಕ್ಕೆ ಹೋಗುತ್ತಿರಬಹುದು. ಬಂದು ಕರೆದುಕೊಂಡು ಹೋಗು ಎಂದು ಅದು ಹೇಳುತ್ತಿರುವುದು ಅದನ್ನು ಕೈಗೆತ್ತಿಕೊಂಡ ಯಾರಿಗೂ ತಿಳಿಯುವುದಿಲ್ಲ.

ಆವತ್ತು ಸಂಜೆ ಅಕ್ಕನ ಮನೆಯಿಂದ ಬಸ್ಸಿಗೆ ಹೊರಟಾಗ ಅತ್ತೆ ಮಂಚದಿಂದಲೇ ಕೂಗಿದರು: “ಮುತ್ತೈದೇನ ಹಂಗೇ ಕಳಿಸ್ತೀಯಾ? ಕುಂಕುಮ ಕೊಡಮ್ಮಾ.” ಅಕ್ಕ ತಟ್ಟೆ ತಂದಳು. ನನ್ನ ಹಣೆಗೆ ಕುಂಕುಮವಿಟ್ಟಳು, ಎರಡು ವೀಳ್ಯದೆಲೆ ಕೊಟ್ಟಳು. ಎಲೆಯ ಮೇಲಿಟ್ಟು ಕೊಡಬೇಕಾದ ಅಡಿಕೆಯನ್ನು ಮಾತ್ರ ಬೇರೆಯಾಗಿ ಎತ್ತಿ, ನನ್ನ ಬಲಗೈ ಬಿಡಿಸಿ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಮುಖ ನೋಡಲಿಲ್ಲ. ನೋಡಿದೆ ಎಂಬುದರ ಗುರುತು ಅದು, ಬಂಡೆಯ ಸಂದಿನಲ್ಲಿ ಇಷ್ಟು ವರ್ಷ ನಾನು ಅವಳಿಗೆ ಇಡುತ್ತಿದ್ದದ್ದು. ನೋಡಿದೆ ಎಂದು ಮಾತ್ರ. ಬರುತ್ತೇನೆ ಎನ್ನಲು ನಾವು ಯಾವತ್ತೂ ಏನನ್ನೂ ಗೊತ್ತುಮಾಡಿಕೊಂಡಿರಲಿಲ್ಲ.